ಕಾಯುವುದು ಬೇರೆ, ಮುಂದೂಡುವುದು ಬೇರೆ



ಇವತ್ತು ರಾಜಕೀಯ ಬೇಡ. ಯಾರು ಯಾರ ಮೇಲೆ ಮುನಿಸಿಕೊಂಡರು, ಯಾರು ದೆಹಲಿಗೆ ಹೋದರು ಅನ್ನೋದನ್ನ ನಾಳೆ ಮಾತಾಡೋಣ. ಇವತ್ತು ನಿಮ್ಮ ಮನೆಯ ಹಿರಿಯ ಗಂಡಸರ ಬಗ್ಗೆ ಮಾತಾಡಬೇಕು. ರಾತ್ರಿ ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗ್ತಾರಲ್ಲ, ಯಾರಾದ್ರೂ ಕೇಳಿದ್ರೆ 'ಏನಿಲ್ಲ, ವಯಸ್ಸಾಯ್ತಲ್ಲ' ಅಂತಾರಲ್ಲ, ಅವರ ಬಗ್ಗೆ. ಸೆಪ್ಟೆಂಬರ್ ತಿಂಗಳು ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿಯ ತಿಂಗಳು. ಈ ಹೆಸರು ಕೇಳಿದ ಕೂಡಲೇ ರಿಮೋಟ್ ಹುಡುಕೋರು ಇದ್ದಾರೆ ಅಂತ ನನಗೆ ಗೊತ್ತು. ದಯವಿಟ್ಟು ಇವತ್ತೊಂದು ದಿನ ರಿಮೋಟ್ ಕೆಳಗಿಡಿ.

ನಾನು ಹೇಳೋದು ನಮ್ಮಪ್ಪನ ಕಥೆ. ಅವರ ಒಪ್ಪಿಗೆ ಪಡೆದೇ ಹೇಳ್ತಿದ್ದೀನಿ. 'ನನ್ನ ಹೆಸರು ಹೇಳಬೇಡ, ಉಳಿದಿದ್ದೆಲ್ಲ ಹೇಳು' ಅಂದಿದ್ದಾರೆ.

2020ರ ಮಾರ್ಚ್ ನೆನಪು ಮಾಡ್ಕೊಳ್ಳಿ. 24ರ ರಾತ್ರಿ ಪ್ರಧಾನಿ ಮಾತಾಡಿದರು, 25ರಿಂದ ದೇಶಕ್ಕೆ ಬೀಗ ಬಿತ್ತು. ಅದೇ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಸೋಂಕು ಕಾಣಿಸಿಕೊಂಡಿತು. ನೋಡ್ತಾ ನೋಡ್ತಾ ಮೈಸೂರು ಜಿಲ್ಲೆ ರಾಜ್ಯದ ದೊಡ್ಡ ಹಾಟ್‌ಸ್ಪಾಟ್‌ಗಳಲ್ಲಿ ಒಂದಾಯ್ತು. ಪ್ರಕರಣ 90ಕ್ಕೆ ಮುಟ್ಟಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಪ್ರತಿ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಓದ್ತಿದ್ದವನು ನಾನೇ. ಇವತ್ತು ಎಷ್ಟು, ನಿನ್ನೆಗಿಂತ ಎಷ್ಟು ಜಾಸ್ತಿ, ಯಾವ ಜಿಲ್ಲೆ ಎಷ್ಟನೇ ಸ್ಥಾನ. ನಾನು ಓದಿದ್ದು ಇಂಜಿನಿಯರಿಂಗ್, ಅದೂ ಮೈಸೂರಿನಲ್ಲೇ. ಗ್ರಾಫು, ಕರ್ವು ಅಂದ್ರೆ ನನಗೆ ಹಬ್ಬ. ಪರದೆ ತುಂಬ ಅಂಕಿ ಹಾಕಿಸಿ ಮಾತಾಡ್ತಿದ್ದೆ.

ಮೇ ಮಧ್ಯದ ಹೊತ್ತಿಗೆ ಆ 90 ಜನರೂ ಗುಣವಾಗಿ ಮನೆ ಸೇರಿದರು. ಆ ವಾರ ನಾನೂ ಕುವೆಂಪುನಗರದ ನಮ್ಮ ಮನೆಗೆ ಹೋದೆ. ಕರೆಂಟ್ ಬಿಲ್ ಹುಡುಕೋಕೆ ಅಂತ ಅಪ್ಪನ ಮೇಜಿನ ಡ್ರಾಯರ್ ತೆಗೆದೆ. ಡೈರಿಯ ಒಳಗೆ ಮಡಚಿಟ್ಟ ಒಂದು ಲ್ಯಾಬ್ ಚೀಟಿ ಸಿಕ್ತು. ಮಾರ್ಚ್ ಎರಡನೇ ವಾರದ್ದು. ಪಿಎಸ್‌ಎ: 13.2. ಪಕ್ಕದಲ್ಲಿ 'ಸಾಮಾನ್ಯ ಮಿತಿ 4ರ ಒಳಗೆ' ಅಂತ ಅಚ್ಚಾಗಿತ್ತು. ಕೆಳಗೆ ಅಪ್ಪನ ದುಂಡು ಅಕ್ಷರದಲ್ಲಿ 'ಬಯಾಪ್ಸಿ, 26ನೇ ತಾರೀಖು, ಗುರುವಾರ'. ಲಾಕ್‌ಡೌನ್ ಶುರುವಾದ ಮಾರನೇ ದಿನ.

ಇಡೀ ರಾಜ್ಯದ ನಂಬರ್ ಓದ್ತಿದ್ದ ನನಗೆ ನಮ್ಮ ಮನೆಯ ನಂಬರ್ ಗೊತ್ತಿರಲಿಲ್ಲ.

ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಆಗ 68 ವರ್ಷ. ಕೇಳಿದೆ. 'ಫೋನ್ ಮಾಡಿದ್ದೆ ಕಣೋ. ತುರ್ತು ಇದ್ದೋರು ಮಾತ್ರ ಬನ್ನಿ ಅಂದ್ರು. ರಾತ್ರಿ ನಾಲ್ಕು ಸಲ ಏಳೋದು ತುರ್ತಾ? ನೀನೇ ಟಿವಿಲಿ ಹೇಳ್ತಿದ್ದೆಯಲ್ಲ, ಅನಗತ್ಯವಾಗಿ ಆಸ್ಪತ್ರೆಗೆ ಹೋಗಬೇಡಿ ಅಂತ' ಅಂದ್ರು.

ಹೌದು ವೀಕ್ಷಕರೇ, ಹೇಳಿದ್ದೆ. ಅಪ್ಪ ಅದನ್ನ ಪಾಲಿಸಿದ್ದರು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಆ ಮೂರು ತಿಂಗಳು, ಅಂದ್ರೆ 2020ರ ಮಾರ್ಚ್‌ನಿಂದ ಮೇವರೆಗೆ, ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಏನಾಯ್ತು ಅಂತ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ವೈದ್ಯರು ಲೆಕ್ಕ ಹಾಕಿದರು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಹೊಸ ರೋಗಿಗಳ ನೋಂದಣಿ ಶೇ. 54 ಇಳಿದಿತ್ತು. ದೊಡ್ಡ ಆಪರೇಷನ್‌ಗಳು ಶೇ. 49 ಇಳಿದಿದ್ದವು. ಈ ವರದಿ 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂತು. ಯೋಚನೆ ಮಾಡಿ, ಕ್ಯಾನ್ಸರ್ ಏನೂ ಅರ್ಧಕ್ಕೆ ಇಳಿದಿರಲಿಲ್ಲ. ಅರ್ಧದಷ್ಟು ಜನ ಮನೆಯಲ್ಲಿ ಉಳಿದಿದ್ದರು, ಅಷ್ಟೇ.

ಮೊದಲು ಈ ಪ್ರಾಸ್ಟೇಟ್ ಅಂದ್ರೇನು? ಗಂಡಸರಿಗೆ ಮಾತ್ರ ಇರೋ ಗ್ರಂಥಿ. ಮೂತ್ರಕೋಶದ ಕೆಳಗೆ, ಅಕ್ರೋಟಿನ ಗಾತ್ರ. ಅದರ ನಡುವೆಯೇ ಮೂತ್ರನಾಳ ಹಾದು ಹೋಗುತ್ತೆ. ವೀರ್ಯದ ದ್ರವದ ಒಂದು ಭಾಗ ಅಲ್ಲೇ ತಯಾರಾಗೋದು. ವಯಸ್ಸಾಗ್ತಾ ಇದು ದಪ್ಪ ಆಗುತ್ತೆ, ನಾಳವನ್ನ ಒತ್ತುತ್ತೆ, ಮೂತ್ರದ ತೊಂದರೆ ಶುರುವಾಗುತ್ತೆ. ಬಹಳಷ್ಟು ಜನರಲ್ಲಿ ಇದು ಬರೀ ಊತ, ಕ್ಯಾನ್ಸರ್ ಅಲ್ಲ. ಪಿಎಸ್‌ಎ ಅಂದ್ರೆ ಈ ಗ್ರಂಥಿ ರಕ್ತಕ್ಕೆ ಬಿಡೋ ಒಂದು ಪ್ರೋಟೀನು. ಊತ ಇದ್ದರೂ ಏರುತ್ತೆ, ಮೂತ್ರದ ಸೋಂಕು ಇದ್ದರೂ ಏರುತ್ತೆ, ಕ್ಯಾನ್ಸರ್ ಇದ್ದರೂ ಏರುತ್ತೆ. ಹಾಗಾಗಿ ಪಿಎಸ್‌ಎ ತೀರ್ಪಲ್ಲ, ಸಮನ್ಸ್. ಬಂದು ಹಾಜರಾಗಿ ಅಂತ ಕರೆಯುತ್ತೆ. ಹಾಜರಾಗದೆ ಡೈರಿಯಲ್ಲಿ ಮಡಚಿಡೋದು ತಪ್ಪು.

ಜೂನ್ ಕೊನೆಯಲ್ಲಿ ಹಾಜರಾದೆವು. ಮೊದಲು ಮೂಗಿನ ಸ್ವಾಬ್ ಟೆಸ್ಟ್, ಅದು ನೆಗೆಟಿವ್ ಬಂದ ಮೇಲೆ ಬಯಾಪ್ಸಿ. ಆಮೇಲೆ ಎಂಆರ್‌ಐ, ಮೂಳೆಯ ಸ್ಕ್ಯಾನ್. ವರದಿ ಬಂತು. ಕ್ಯಾನ್ಸರ್ ಹೌದು. ಗ್ರಂಥಿಯ ಒಳಗೇ ಇದೆ, ಮೂಳೆಗೆ ಹೋಗಿಲ್ಲ. ಗ್ಲೀಸನ್ ಸ್ಕೋರ್ 3 ಕೂಡಿಸು 4, ಒಟ್ಟು 7.

ಈ ಗ್ಲೀಸನ್ ಅನ್ನೋದನ್ನ ಸುಲಭವಾಗಿ ಹೇಳ್ತೀನಿ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ಕೆಟ್ಟಿವೆ ಅಂತ ನೋಡಿ ಕೊಡೋ ಮಾರ್ಕ್ಸ್. ಇಲ್ಲಿ ಮಾರ್ಕ್ಸ್ ಕಮ್ಮಿ ಬಂದಷ್ಟೂ ಒಳ್ಳೇದು. 6 ಅಂದ್ರೆ ಮಂದಗತಿ. 8ರಿಂದ 10 ಅಂದ್ರೆ ಆಕ್ರಮಣಕಾರಿ. 7 ನಡುವಿನದ್ದು. ಪಿಎಸ್‌ಎ 10ರ ಒಳಗೆ, 10ರಿಂದ 20, 20ಕ್ಕಿಂತ ಮೇಲೆ ಅಂತ ಇನ್ನೊಂದು ಲೆಕ್ಕ. ಗಡ್ಡೆ ಗ್ರಂಥಿಯ ಒಳಗಿದೆಯೋ, ಗೋಡೆ ದಾಟಿದೆಯೋ ಅನ್ನೋದು ಮೂರನೇ ಲೆಕ್ಕ. ಈ ಮೂರನ್ನೂ ಸೇರಿಸಿ ಕಡಿಮೆ ಅಪಾಯ, ಮಧ್ಯಮ, ಹೆಚ್ಚು ಅಂತ ಮೂರು ಗುಂಪು ಮಾಡ್ತಾರೆ. ಅಪ್ಪನದು ಮಧ್ಯಮ.

ವರದಿ ಓದಿದ ವೈದ್ಯರು ಒಂದು ಮಾತು ಹೇಳಿದರು. 'ಮೇಷ್ಟ್ರೇ, ಇದು ಓಡೋ ಕುದುರೆ ಅಲ್ಲ, ನಡೆಯೋ ಎತ್ತು. ಗಾಬರಿ ಬೀಳಬೇಡಿ. ಆದ್ರೆ ನಡೀತಾ ಇದೆ ಅನ್ನೋದನ್ನ ಮರೀಬೇಡಿ.'

ನಾನು ಅರ್ಧ ಮಾತ್ರ ಕೇಳಿಸ್ಕೊಂಡೆ. ಹೊರಗೆ ಬಂದವನೇ ಫೋನ್ ಹಿಡಿದೆ. ಚಾನೆಲ್‌ನಲ್ಲಿ ಇದ್ದೋರಿಗೆ ಒಂದಷ್ಟು ಸಂಪರ್ಕ ಇರುತ್ತೆ, ನಿಮಗೂ ಗೊತ್ತು. ಬೆಂಗಳೂರಿನಲ್ಲಿ ರೋಬೋಟಿಕ್ ಆಪರೇಷನ್‌ಗೆ ಮುಂದಿನ ವಾರದ ದಿನಾಂಕವನ್ನೇ ಹಿಡಿದೆ. ಗ್ರಂಥಿ ತೆಗೆದು ಬಿಸಾಕಿದರೆ ಮುಗೀತು ಅನ್ನೋ ಲೆಕ್ಕ ನನ್ನದು. ಕೆಟ್ಟ ಪಾರ್ಟ್ ಇದ್ದರೆ ಬಿಚ್ಚಿ ತೆಗೆಯೋದು, ಇಂಜಿನಿಯರ್ ಬುದ್ಧಿ.

ಅಪ್ಪ ಒಪ್ಪಲಿಲ್ಲ.

ಜುಲೈ ತಿಂಗಳು. ಬೆಂಗಳೂರಿನಲ್ಲಿ ಸೋಂಕು ಕುದಿಯುತ್ತಿತ್ತು, ಹಾಸಿಗೆ ಸಿಗದೆ ಜನ ಆಂಬುಲೆನ್ಸ್‌ನಲ್ಲಿ ಸುತ್ತುತ್ತಿದ್ದ ಸುದ್ದಿಯನ್ನ ನಾವೇ ತೋರಿಸ್ತಿದ್ದೆವು. ಅಪ್ಪ ಹಜಾರದ ಕುರ್ಚಿಯಲ್ಲಿ ಕೂತು, ಹಳೇ ನೋಟ್‌ಬುಕ್ ತೆಗೆದು, ಬೋರ್ಡ್ ಮೇಲೆ ಬರೆಯೋ ಹಾಗೆ ನಾಲ್ಕು ಅಂಕಣ ಎಳೆದರು. 'ನೀನು ಓದಿದ್ದೀಯಲ್ಲ, ಒಂದೊಂದಾಗಿ ಹೇಳು' ಅಂದ್ರು.

ಮೊದಲನೇ ಅಂಕಣ, ಕಣ್ಗಾವಲು. ಅಂದ್ರೆ ಸದ್ಯಕ್ಕೆ ಚಿಕಿತ್ಸೆ ಇಲ್ಲ. ಗೊತ್ತುಮಾಡಿದ ದಿನಾಂಕಕ್ಕೆ ಪಿಎಸ್‌ಎ, ಎಂಆರ್‌ಐ, ಬೇಕಾದರೆ ಮತ್ತೆ ಬಯಾಪ್ಸಿ. ಏರಿದರೆ ಚಿಕಿತ್ಸೆ. ಕಡಿಮೆ ಅಪಾಯದ ಗುಂಪಿಗೆ ಇದು ಒಳ್ಳೆಯ ದಾರಿ. 'ನಿಮ್ಮ ಪಿಎಸ್‌ಎ, ನಿಮ್ಮ 7, ಎರಡೂ ಸೇರಿದರೆ ನಾನು ಇದನ್ನ ಸಲಹೆ ಮಾಡಲ್ಲ' ಅಂದಿದ್ದರು ವೈದ್ಯರು.

ಎರಡನೇ ಅಂಕಣ, ಆಪರೇಷನ್. ಒಂದೇ ಸಲಕ್ಕೆ ಗ್ರಂಥಿ ಹೊರಗೆ. ಆದ್ರೆ ಪೂರ್ತಿ ಅರಿವಳಿಕೆ, ಆಸ್ಪತ್ರೆ ವಾಸ, ಕ್ಯಾತಿಟರ್. ಆಮೇಲೆ ಕೆಲವರಿಗೆ ಮೂತ್ರ ಹಿಡಿತಕ್ಕೆ ಬರೋಕೆ ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ಲೈಂಗಿಕ ಶಕ್ತಿಗೂ ಪೆಟ್ಟು. ಜೊತೆಗೆ ಆ ವರ್ಷದ ವಿಶೇಷ ಅಪಾಯ ಒಂದಿತ್ತು. ಆಪರೇಷನ್ ಆಸುಪಾಸಿನಲ್ಲಿ ಕೋವಿಡ್ ತಗುಲಿದ 1128 ರೋಗಿಗಳನ್ನ ಹಲವು ದೇಶಗಳ ಸರ್ಜನ್‌ಗಳು ಅಧ್ಯಯನ ಮಾಡಿ 2020ರ ಮೇ ತಿಂಗಳಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. 30 ದಿನದೊಳಗೆ ಅವರಲ್ಲಿ ನೂರಕ್ಕೆ ಸುಮಾರು 24 ಜನ ತೀರಿಕೊಂಡಿದ್ದರು. ಎಲ್ಲ ಬಗೆಯ ಆಪರೇಷನ್‌ಗಳೂ ಅದರಲ್ಲಿದ್ದವು, ತುರ್ತಿನವೂ ಇದ್ದವು. ಆದರೂ ಅದು ತಳ್ಳಿಹಾಕೋ ಅಂಕಿ ಅಲ್ಲ.

ಮೂರನೇ ಅಂಕಣ, ರೇಡಿಯೇಷನ್. ಕತ್ತರಿಸೋದಿಲ್ಲ, ಆಸ್ಪತ್ರೆಯಲ್ಲಿ ಮಲಗೋದಿಲ್ಲ. ಆದ್ರೆ ದಿನಾ ಹೋಗಿ ಬರಬೇಕು. ಹಿಂದೆ ಏಳೆಂಟು ವಾರ, 37 ಸಲ, 39 ಸಲ ಕೊಡ್ತಿದ್ದರು. ಪಿಡುಗಿನ ಕಾಲದಲ್ಲಿ ಅಷ್ಟು ಸಲ ಆಸ್ಪತ್ರೆಗೆ ಹೋಗೋದು ಅಂದ್ರೆ ಅಷ್ಟು ಸಲ ಸೋಂಕಿಗೆ ಬಾಗಿಲು ತೆಗೆದ ಹಾಗೆ. ಅದೃಷ್ಟಕ್ಕೆ ಇದಕ್ಕೆ ಉತ್ತರ ಮೊದಲೇ ಸಿಕ್ಕಿತ್ತು. ಬ್ರಿಟನ್ನಿನ ನೇತೃತ್ವದಲ್ಲಿ 3,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿ ಸಲದ ಪ್ರಮಾಣ ಸ್ವಲ್ಪ ಹೆಚ್ಚಿಸಿ ನಾಲ್ಕೇ ವಾರದಲ್ಲಿ 20 ಸಲ ಕೊಟ್ಟರೂ ಫಲಿತಾಂಶ ಕಡಿಮೆ ಇಲ್ಲ ಅಂತ ತೋರಿಸಿದ್ದರು. ಕೋವಿಡ್ ಬಂದ ಮೇಲೆ ಲೋಕದ ರೇಡಿಯೇಷನ್ ವೈದ್ಯರು ಇದನ್ನೇ ಹಿಡಿದರು. ಅವರ ಸೂತ್ರ ನಾಲ್ಕು ಮಾತಿನದು: ದೂರದಿಂದಲೇ ನೋಡಿ, ಬೇಡದ್ದನ್ನ ಬಿಡಿ, ತಡೆಯಬಹುದಾದ್ದನ್ನ ತಡೆಹಿಡಿಯಿರಿ, ಕೊಡಲೇಬೇಕಾದ್ದನ್ನ ಚಿಕ್ಕದು ಮಾಡಿ.

ನಾಲ್ಕನೇ ಅಂಕಣ, ಹಾರ್ಮೋನ್ ಇಂಜೆಕ್ಷನ್. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಗಂಡಸಿನ ಹಾರ್ಮೋನೇ ಆಹಾರ. ಅದನ್ನ ನಿಲ್ಲಿಸಿದರೆ ರೋಗ ಸೊರಗುತ್ತೆ. ಇದನ್ನ 1941ರಲ್ಲೇ ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಗ್ರಂಥಿಯ ಒಳಗಿರೋ ಕ್ಯಾನ್ಸರ್‌ಗೆ ಇಂಜೆಕ್ಷನ್ ಒಂದೇ ಪೂರ್ತಿ ಚಿಕಿತ್ಸೆ ಅಲ್ಲ. ಆದ್ರೆ ಮಧ್ಯಮ, ಹೆಚ್ಚು ಅಪಾಯದವರಿಗೆ ರೇಡಿಯೇಷನ್ ಜೊತೆ ಕೊಡ್ತಾರೆ, ಕೆಲವು ತಿಂಗಳು ಮೊದಲೇ ಶುರು ಮಾಡ್ತಾರೆ. ಅಂದ್ರೆ ಪಿಡುಗಿನ ಅಲೆ ಇಳಿಯೋವರೆಗೆ ಸೇತುವೆ ಥರ ಕೆಲಸ ಮಾಡುತ್ತೆ. ಮೂರು ತಿಂಗಳಿಗೊಂದು ಚುಚ್ಚುಮದ್ದು ಇರೋದರಿಂದ ತಿಂಗಳು ತಿಂಗಳು ಓಡಾಡೋದೂ ತಪ್ಪುತ್ತೆ. ಅಡ್ಡ ಪರಿಣಾಮ ಇದ್ದೇ ಇದೆ. ಹೆಂಗಸರಿಗೆ ಮುಟ್ಟು ನಿಲ್ಲೋ ಕಾಲದಲ್ಲಿ ಆಗೋ ಹಾಗೆ ಮೈ ಬಿಸಿ, ಬೆವರು, ಸುಸ್ತು, ತೂಕ ಏರೋದು, ಆಸೆ ಬತ್ತೋದು.

ನಾಲ್ಕೂ ಅಂಕಣ ತುಂಬಿದ ಮೇಲೆ ಅಪ್ಪ ಕನ್ನಡಕ ತೆಗೆದು ನನ್ನ ಕಡೆ ನೋಡಿದ್ರು.

'ನೀನು ಎಷ್ಟು ವರ್ಷ ಉಳೀತೀನಿ ಅಂತ ಲೆಕ್ಕ ಹಾಕ್ತಿದ್ದೀಯ. ನಾನು ದಿನ ಹೇಗೆ ಕಳೀತೀನಿ ಅಂತ ಲೆಕ್ಕ ಹಾಕ್ತಿದ್ದೀನಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕದಿದ್ರೆ ನನಗೆ ದಿನ ಶುರುವಾಗಲ್ಲ. ಒದ್ದೆ ಪಂಚೆಯ ಭಯದಲ್ಲಿ ಮನೇಲಿ ಕೂರೋಕೆ ನನ್ನಿಂದ ಆಗಲ್ಲ ಕಣೋ. ನಿಮ್ಮಮ್ಮಂಗೆ ಸಕ್ಕರೆ ಕಾಯಿಲೆ. ನಾನು ಆಸ್ಪತ್ರೆಯಿಂದ ಕೊರೊನಾ ತಂದು ಅವಳಿಗೆ ಕೊಟ್ರೆ, ನನ್ನ ಕ್ಯಾನ್ಸರ್ ವಾಸಿಯಾಗಿ ಏನು ಮಾಡಲಿ?'

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನಮ್ಮ ಮನೆಯಲ್ಲಿ ಅಪ್ಪ-ಮಕ್ಕಳು ಇಂಥ ವಿಷಯ ಮಾತಾಡಿದ್ದು ಅದೇ ಮೊದಲು. ಮೂತ್ರ, ದಾಂಪತ್ಯ, ಸಾವು. ನಾನು ತಲೆ ತಗ್ಗಿಸಿ ಕೂತಿದ್ದೆ. ದಿನಾ ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಮಾತಾಡೋ ನನಗೆ ಬಾಯಿ ಬರಲಿಲ್ಲ.

ಅಮ್ಮನೇ ಮಾತಾಡಿದ್ದು. 'ಆಯ್ತಲ್ಲ, ಅವರಿಗೆ ಏನು ಬೇಕು ಅಂತ ಅವರು ಹೇಳಿದ್ರು. ಇನ್ನೇನು ಕೇಳಬೇಕು?'

ಅಪ್ಪ ಮೂರನೇ ಮತ್ತು ನಾಲ್ಕನೇ ಅಂಕಣದ ಕೆಳಗೆ ಗೆರೆ ಎಳೆದರು. ಜುಲೈನಲ್ಲಿ ಮೊದಲ ಇಂಜೆಕ್ಷನ್. ಅಕ್ಟೋಬರ್‌ನಲ್ಲಿ ಎರಡನೇದು, ಮತ್ತು ಮೈಸೂರಿನಲ್ಲೇ ರೇಡಿಯೇಷನ್. ಪಕ್ಕದಲ್ಲಿ ಇನ್ನೊಂದು ಸಾಲು ಬರೆದರು: 'ಏನೇ ಆಗಲಿ, ಅಕ್ಟೋಬರ್ ದಾಟಬಾರದು.' ಆ ಸಾಲನ್ನ ನೆನಪಿಡಿ. ಮತ್ತೆ ಬರ್ತೀನಿ.

ಅಕ್ಟೋಬರ್ 5, ಸೋಮವಾರ ಶುರುವಾಯ್ತು. ವಾರಕ್ಕೆ ಐದು ದಿನ. ನಮ್ಮ ಭಾವ ಕಾರಿನ ಕಿಟಕಿ ಎಲ್ಲ ಇಳಿಸಿ ಕರ್ಕೊಂಡು ಹೋಗೋರು. ಹೋಗೋ ಮುಂಚೆ ಮಲ ವಿಸರ್ಜನೆ ಆಗಿರಬೇಕು, ನೀರು ಕುಡಿದು ಮೂತ್ರಕೋಶ ತುಂಬಿರಬೇಕು. ತುಂಬಿದ ಮೂತ್ರಕೋಶ ಕರುಳನ್ನ ಪಕ್ಕಕ್ಕೆ ಸರಿಸುತ್ತೆ, ಕಿರಣ ಬೇರೆ ಕಡೆ ಬೀಳೋದು ಕಮ್ಮಿಯಾಗುತ್ತೆ. 'ಜೀವಮಾನದಲ್ಲಿ ಮೊದಲ ಸಲ ಮೂತ್ರ ತಡೆಯೋದಕ್ಕೆ ಮಾರ್ಕ್ಸ್ ಸಿಗ್ತಿದೆ' ಅಂತ ಅಪ್ಪ ನಗೋರು. ಮೂರನೇ ವಾರ ಉರಿ ಮೂತ್ರ, ಹೊಟ್ಟೆ ಕೆಡೋದು ಎಲ್ಲ ಆಯ್ತು. ರಾತ್ರಿ ಮೈ ಬಿಸಿಯಾಗಿ ಎದ್ದು ಫ್ಯಾನ್ ಕೆಳಗೆ ಕೂರೋರು. ಅಮ್ಮ ಪಕ್ಕದಲ್ಲಿ ಬಂದು ಕೂತು, 'ನನಗೆ ಐವತ್ತರಲ್ಲಿ ಹೀಗೇ ಆಗ್ತಿತ್ತು, ಆಗ ನಿಮಗೆ ಗೊತ್ತಾಗಲಿಲ್ಲ' ಅಂತ ಹೇಳಿದ್ದನ್ನ ಅಪ್ಪನೇ ನನಗೆ ಹೇಳಿದರು.

ಆ ವರ್ಷದ ದಸರಾ ನಿಮಗೆ ನೆನಪಿರಬೇಕು. ಸರಳ ದಸರಾ. ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದ್ದು ಜಯದೇವ ಹೃದ್ರೋಗ ಸಂಸ್ಥೆಯ ಡಾ. ಸಿ.ಎನ್. ಮಂಜುನಾಥ್. ಜಂಬೂಸವಾರಿ ಅರಮನೆ ಅಂಗಳದಲ್ಲೇ ಮುಗೀತು, ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತ. ಊರೆಲ್ಲ ಬಿಕೋ ಅನ್ನುತ್ತಿತ್ತು. ಅಪ್ಪ ಆ ಖಾಲಿ ರಸ್ತೆಗಳಲ್ಲಿ ಮೂತ್ರಕೋಶ ತುಂಬಿಸಿಕೊಂಡು ರೇಡಿಯೇಷನ್‌ಗೆ ಹೋಗ್ತಿದ್ದರು. ಆಯುಧಪೂಜೆಗೆ ಮುಂಚಿನ ದಿನ ಅಲ್ಲಿನ ಸಿಬ್ಬಂದಿ ಆ ದೊಡ್ಡ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು ಪೂಜೆ ಮಾಡಿದರಂತೆ. ಸೋಮವಾರ ವಿಜಯದಶಮಿ ರಜೆ. ನವೆಂಬರ್ 2ಕ್ಕೆ ಇಪ್ಪತ್ತೂ ಮುಗಿದವು.

ಈಗ ಇದೇ ಅವಧಿಯ ಇನ್ನೊಂದು ಕಥೆ. ಇದನ್ನ ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ.

ನಮ್ಮ ಸೋದರಮಾವ, ಹುಣಸೂರು ಕಡೆ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯೋರು. ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. 2020ರ ಬೇಸಿಗೆಯಲ್ಲೇ ಸೊಂಟ ನೋವು ಅಂತಿದ್ದರು. ಮುಲಾಮು ಹಚ್ಚಿದರು, ಮಾತ್ರೆ ನುಂಗಿದರು. 'ಆಸ್ಪತ್ರೆಗೆ ಹೋದ್ರೆ ಹದಿನಾಲ್ಕು ದಿನ ಕೂಡಿ ಹಾಕ್ತಾರಂತೆ' ಅನ್ನೋ ಭಯ ಬೇರೆ. ಆಮೇಲೆ ಸೊಪ್ಪು ಬೇಯಿಸೋ ಕಾಲ, ಬಿಡುವಿಲ್ಲ. ಫೋನ್‌ನಲ್ಲಿ ಕೇಳಿದಾಗೆಲ್ಲ, 'ಹೋಗ್ತೀನಿ ಬಿಡು ಮಗಾ, ಈ ಕೊರೊನಾ ಒಂದು ಹೋಗ್ಲಿ' ಅನ್ನೋರು. ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ನಿಂತರೆ ಕಾಲಿನಲ್ಲಿ ಬಲ ಇಲ್ಲ. ಮೈಸೂರಿಗೆ ಕರ್ಕೊಂಡು ಬಂದಾಗ ಪಿಎಸ್‌ಎ ನೂರಾರರಲ್ಲಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿ ನರಹುರಿಯನ್ನ ಒತ್ತುತ್ತಿತ್ತು.

ಅಲ್ಲಿ ಅಂಕಣ ಎಳೆದು ಯೋಚನೆ ಮಾಡೋಕೆ ಸಮಯ ಇರಲಿಲ್ಲ. ಬೆನ್ನಿಗೆ ತುರ್ತು ರೇಡಿಯೇಷನ್ ಕೊಟ್ಟರು. ಹಳ್ಳಿಯಿಂದ ಮತ್ತೆ ಮತ್ತೆ ಇಂಜೆಕ್ಷನ್‌ಗೆ ಬರೋಕಾಗಲ್ಲ ಅಂತ ಒಂದೇ ದಿನದ ಸಣ್ಣ ಆಪರೇಷನ್‌ನಲ್ಲಿ ವೃಷಣ ತೆಗೆದರು. ಹಾರ್ಮೋನ್ ನಿಲ್ಲಿಸೋ ಹಳೆಯ, ಅಗ್ಗದ, ಈಗಲೂ ಸರಿಯಾದ ದಾರಿ ಅದು. ಅದಕ್ಕೆ ಒಪ್ಪೋವಾಗ ಮಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕೋಲು ಹಿಡಿದು ನಡೆಯೋ ಮಟ್ಟಕ್ಕೆ ಬಂದರು. ಒಂದೂವರೆ ವರ್ಷ ಇದ್ದರು. 2022ರಲ್ಲಿ ಹೋದರು.

ಈಗ ಅಪ್ಪ ಬರೆದ ಆ ಸಾಲಿಗೆ ಬನ್ನಿ. 'ಅಕ್ಟೋಬರ್ ದಾಟಬಾರದು.' ನಮ್ಮಪ್ಪನೂ ಜುಲೈನಿಂದ ಅಕ್ಟೋಬರ್‌ವರೆಗೆ ಕಾದರು. ಮಾವನೂ ಬೇಸಿಗೆಯಿಂದ ಡಿಸೆಂಬರ್‌ವರೆಗೆ ಕಾದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಅಜಗಜಾಂತರ. ಅಪ್ಪನಿಗೆ ತನ್ನ ಒಳಗೆ ಏನಿದೆ ಅಂತ ಗೊತ್ತಿತ್ತು, ಅದು ಎಷ್ಟು ನಿಧಾನ ಅಂತ ಗೊತ್ತಿತ್ತು, ಮಧ್ಯೆ ಮದ್ದು ನಡೀತಿತ್ತು, ಕೊನೆಯ ತಾರೀಖು ಬರೆದಿಟ್ಟಿತ್ತು. ಮಾವನಿಗೆ ಇದ್ಯಾವುದೂ ಇರಲಿಲ್ಲ. ಕಾಯೋದಕ್ಕೆ ಒಂದು ತಾರೀಖು ಇರುತ್ತೆ. ಮುಂದೂಡೋದಕ್ಕೆ ತಾರೀಖು ಇರಲ್ಲ. ಮಾರ್ಚ್‌ನಿಂದ ಮೇವರೆಗೆ ಅಪ್ಪ ಮಾಡಿದ್ದೂ ಮುಂದೂಡಿದ್ದೇ. ಆ ಡ್ರಾಯರ್ ತೆಗೆಯದಿದ್ದರೆ ಏನಾಗ್ತಿತ್ತು ಅಂತ ನಾನು ಈಗಲೂ ಯೋಚನೆ ಮಾಡ್ತೀನಿ.

ಅಪ್ಪ ಆ ತಾರೀಖು ಪಾಲಿಸಿದ್ದು ಎಷ್ಟು ಒಳ್ಳೇದಾಯ್ತು ಅಂತ ಗೊತ್ತಾಗಿದ್ದು 2021ರ ಮೇನಲ್ಲಿ. ಎರಡನೇ ಅಲೆ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ದುರಂತ. ಆ ದಿನಗಳಲ್ಲಿ ಮೈಸೂರಿನಲ್ಲೂ ಹಾಸಿಗೆಗೆ ಪರದಾಟ. 'ಇನ್ನೊಂದು ಸ್ವಲ್ಪ ನೋಡೋಣ' ಅಂತ ಅಪ್ಪ ಚಿಕಿತ್ಸೆಯನ್ನ ಎಳೆದಿದ್ದರೆ ಆ ಅಲೆಯ ನಡುವೆ ಸಿಕ್ಕಿಬೀಳ್ತಿದ್ದರು.

ಹಾಗಾದ್ರೆ ನಾನು ಹಿಡಿದಿದ್ದ ಆಪರೇಷನ್ ತಪ್ಪು ಆಯ್ಕೆನಾ? ಅಲ್ಲ. ಬ್ರಿಟನ್ನಿನಲ್ಲೇ ಇನ್ನೊಂದು ದೊಡ್ಡ ಅಧ್ಯಯನ ನಡೀತು. ಗ್ರಂಥಿಯ ಒಳಗೇ ಕ್ಯಾನ್ಸರ್ ಇದ್ದ, ಪಿಎಸ್‌ಎ ಪರೀಕ್ಷೆಯಿಂದ ಪತ್ತೆಯಾದ 1643 ಗಂಡಸರನ್ನ ಮೂರು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ಕಣ್ಗಾವಲು. 15 ವರ್ಷದ ಫಲಿತಾಂಶ 2023ರ ಮಾರ್ಚ್‌ನಲ್ಲಿ ಬಂತು. ಮೂರೂ ಗುಂಪಿನಲ್ಲಿ ನೂರಕ್ಕೆ ಸುಮಾರು 97 ಜನ ಈ ಕ್ಯಾನ್ಸರ್‌ನಿಂದ ಸತ್ತಿರಲಿಲ್ಲ. ಕಣ್ಗಾವಲಿನ ಗುಂಪಿನಲ್ಲಿ ರೋಗ ಹರಡಿದ್ದು ನೂರಕ್ಕೆ ಸುಮಾರು 9 ಜನರಿಗೆ, ಉಳಿದೆರಡರಲ್ಲಿ ಸುಮಾರು 5. ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಚಿಕಿತ್ಸೆಯನ್ನೂ ಪಡೆದರು. ಇದರ ಅರ್ಥ ಏನು? ಬೇಗ ಪತ್ತೆಯಾದವರಿಗೆ ಆಯ್ಕೆ ಇರುತ್ತೆ, ಆ ಆಯ್ಕೆಯಲ್ಲಿ ಅವಸರ ಬೇಡ, ಜೀವಕ್ಕಿಂತ ಹೆಚ್ಚಾಗಿ ಜೀವನ ಹೇಗಿರುತ್ತೆ ಅನ್ನೋದೇ ವ್ಯತ್ಯಾಸ. ಇನ್ನೊಬ್ಬ ತಂದೆ, 'ಕ್ಯಾನ್ಸರ್ ಒಳಗಿದೆ ಅನ್ನೋ ಯೋಚನೆಯಲ್ಲೇ ನಿದ್ದೆ ಬರಲ್ಲ, ತೆಗೆದುಬಿಡಿ' ಅಂದರೆ ಅವರಿಗೆ ಆಪರೇಷನ್ನೇ ಸರಿ. ನನ್ನ ತಪ್ಪು ಆಪರೇಷನ್ ಆರಿಸಿದ್ದಲ್ಲ. ಅಪ್ಪನನ್ನ ಕೇಳದೆ ಆರಿಸಿದ್ದು.

ಆದ್ರೆ ಒಂದು ಷರತ್ತು ನೆನಪಿರಲಿ. ಈ 97ರ ಲೆಕ್ಕ ಬೇಗ ಪತ್ತೆಯಾದವರದ್ದು. ನಮ್ಮ ಮಾವನಂಥವರು ಆ ಲೆಕ್ಕದಲ್ಲಿ ಬರಲ್ಲ. 2020ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 14 ಲಕ್ಷ ಇದ್ದ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣ 2040ಕ್ಕೆ 29 ಲಕ್ಷ ಆಗುತ್ತೆ ಅಂತ 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿದೆ. ಆಯಸ್ಸು ಹೆಚ್ಚಾದಷ್ಟೂ ಈ ರೋಗ ಹೆಚ್ಚು. ನಮ್ಮಲ್ಲೂ ಅಜ್ಜಂದಿರ ಸಂಖ್ಯೆ ಏರ್ತಿದೆ.

ಹಾಗಾಗಿ ಇವತ್ತು ಪೆನ್ನು ತಗೊಂಡು ಐದು ಪ್ರಶ್ನೆ ಬರ್ಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಈ ಕಾಯಿಲೆ ಅಂತ ಗೊತ್ತಾದರೆ ವೈದ್ಯರನ್ನ ಕನ್ನಡದಲ್ಲೇ, ಧೈರ್ಯವಾಗಿ ಕೇಳಿ.

ಒಂದು, ನನ್ನದು ಯಾವ ಗುಂಪು? ಕಡಿಮೆ ಅಪಾಯವೋ, ಮಧ್ಯಮವೋ, ಹೆಚ್ಚೋ?

ಎರಡು, ಮೂರು ತಿಂಗಳು ಕಾದರೆ ಏನಾಗುತ್ತೆ? ಕಾಯಬಹುದು ಅಂದ್ರೆ ಯಾವ ತಾರೀಖಿನವರೆಗೆ?

ಮೂರು, ಪ್ರತಿಯೊಂದು ಚಿಕಿತ್ಸೆ ಆದ ಮೇಲೂ ನನ್ನ ಮೂತ್ರ, ಮಲ, ದಾಂಪತ್ಯ ಹೇಗಿರುತ್ತೆ? ನಾಚಿಕೆ ಬೇಡ. ಅವರಿಗೆ ಇದು ದಿನಾ ಕೇಳೋ ಪ್ರಶ್ನೆ.

ನಾಲ್ಕು, ಸರ್ಜನ್ ಮತ್ತು ರೇಡಿಯೇಷನ್ ವೈದ್ಯರು ಇಬ್ಬರನ್ನೂ ನೋಡಿ ನಿರ್ಧಾರ ಮಾಡಬಹುದಾ? ಒಬ್ಬರು ತಮಗೆ ಗೊತ್ತಿರೋ ದಾರಿಯನ್ನೇ ಹೆಚ್ಚು ಹೇಳೋದು ಸಹಜ.

ಐದು, ಎಷ್ಟು ಸಲ ಬರಬೇಕು, ಎಷ್ಟು ಖರ್ಚು, ಯಾವ ಯೋಜನೆ ಸಿಗುತ್ತೆ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ಮಾವನ ಚಿಕಿತ್ಸೆ ಆಗಿದ್ದು ಆ ಕಾರ್ಡಿನಲ್ಲೇ.

ಇನ್ನು, ಕಾಯಲೇಬಾರದ ಲಕ್ಷಣಗಳು. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಮೂತ್ರದಲ್ಲಿ ರಕ್ತ ಬಂದರೆ, ಮಲಗಿದರೂ ಬಿಡದ ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ, ಅದೇ ದಿನ ಆಸ್ಪತ್ರೆ. ಹೊರಗೆ ಕೊರೊನಾ ಇರಲಿ, ಬಂದ್ ಇರಲಿ, ಸೊಪ್ಪು ಬೇಯಿಸೋ ಕಾಲ ಇರಲಿ. ಐವತ್ತು ದಾಟಿದವರು ಪಿಎಸ್‌ಎ ಪರೀಕ್ಷೆ ಬೇಕಾ ಬೇಡವಾ ಅಂತ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ತಂದೆಗೋ ಅಣ್ಣನಿಗೋ ಈ ಕಾಯಿಲೆ ಇದ್ದರೆ ಇನ್ನೂ ಮೊದಲೇ ಮಾತಾಡಿ. ನನಗೂ ಈಗ ಈ ಮಾತು ಅನ್ವಯಿಸುತ್ತೆ.

ನಮ್ಮಪ್ಪನಿಗೆ 2024ರಲ್ಲಿ 72 ಆಯ್ತು. ಆರು ತಿಂಗಳಿಗೊಮ್ಮೆ ಪಿಎಸ್‌ಎ ಮಾಡಿಸ್ತಾರೆ. ಕಳೆದ ಸಲ 0.4. ಪೂರ್ತಿ ವಾಸಿ ಅಂತ ನಾನು ಹೇಳೋದಿಲ್ಲ, ಅವರೂ ಹೇಳೋದಿಲ್ಲ. 'ಉತ್ತರ ಸರಿ ಇದೆ, ಆದ್ರೆ ಪೇಪರ್ ಇನ್ನೂ ಮುಗಿದಿಲ್ಲ' ಅಂತಾರೆ. ರಾತ್ರಿ ಒಂದೆರಡು ಸಲ ಈಗಲೂ ಏಳ್ತಾರೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ತಪ್ಪಿಸಿಲ್ಲ.

ಒಂದು ವ್ಯತ್ಯಾಸ ಆಗಿದೆ. ಲ್ಯಾಬ್ ಚೀಟಿ ಈಗ ಡೈರಿಯೊಳಗೆ ಇರಲ್ಲ. ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸಿರ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಮುಂದಿನ ತಾರೀಖನ್ನ ಕೆಂಪು ಇಂಕಿನಲ್ಲಿ ಬರೆದಿರ್ತಾರೆ.

ಇವತ್ತು ಈ ಕಾರ್ಯಕ್ರಮ ಮುಗಿದ ಮೇಲೆ ನಿಮ್ಮಪ್ಪನಿಗೋ ಮಾವನಿಗೋ ದೊಡ್ಡಪ್ಪನಿಗೋ ಒಂದು ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿ. ಆಮೇಲೆ, ರಾತ್ರಿ ಎಷ್ಟು ಸಲ ಏಳ್ತೀರ ಅಂತ ಕೇಳಿ. 'ಏನಿಲ್ಲ' ಅಂತಾರೆ. ಇನ್ನೊಂದು ಸಲ ಕೇಳಿ.